ಹಳೇ ಶೆಡ್ ತರೋರಿಗೆ: ಉಳಿಸಿದ ದುಡ್ಡು ನೆಲಕ್ಕೂ ಮಾಡಿಗೂ ಹಾಕಿ



ಕೊಯ್ಲು ಮುಗಿದು ಕಣ ಖಾಲಿ ಆಗ್ತಿದ್ದ ಹಾಗೆ ನಮ್ಮ ಕಡೆ ಇನ್ನೊಂದು ವ್ಯಾಪಾರ ಶುರುವಾಗುತ್ತೆ, ಹಳೇ ಶೆಡ್ ವ್ಯಾಪಾರ. ದೊಡ್ಡ ಎಸ್ಟೇಟಿನವರು ಹೊಸ ಗೋಡೌನ್ ಕಟ್ಟಿ ಹಳೇದನ್ನ ಬಿಚ್ಚಿಸ್ತಾರೆ. ಯಾರದೋ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಏಳುತ್ತೆ. ಕಡೂರು, ತರೀಕೆರೆ ಕಡೆ ಕೋಳಿ ಫಾರಂ ಮುಚ್ಚಿದವರ ಫ್ರೇಮು ಮಾರಾಟಕ್ಕೆ ಬರುತ್ತೆ. ಎರಡು ಮೂರು ಎಕರೆಯ ನಮ್ಮಂಥವರು ಹೋಗಿ ನೋಡಿ, ಚೌಕಾಸಿ ಮಾಡಿ, ಪಿಕಪ್‌ನಲ್ಲಿ ಹೇರಿಕೊಂಡು ಬರ್ತೀವಿ. ನಾನೂ ಹಾಗೇ ಒಂದು ತಂದು ನಿಲ್ಲಿಸಿದ್ದೀನಿ. ಎರಡು ಮಳೆಗಾಲ ಕಂಡಿದೆ. ಆ ಅನುಭವದ ಮೇಲೆ ನನ್ನ ಅಭಿಪ್ರಾಯ ಬರೀತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ. ಹಳೇ ಶೆಡ್ ತರೋದು ಒಳ್ಳೇ ಕೆಲಸ. ಆದರೆ ನಮ್ಮಲ್ಲಿ ಬಹಳ ಜನ ಉಳಿಸಬಾರದ ಕಡೆ ಉಳಿಸ್ತಾರೆ. ಕಂಬ ಹಳೇದಿರಲಿ, ಟ್ರಸ್ ಹಳೇದಿರಲಿ, ಗೋಡೆಗೆ ತೂತು ಬಿದ್ದ ತಗಡೇ ಇರಲಿ. ಅಲ್ಲಿ ಉಳಿದ ದುಡ್ಡು ಮಾತ್ರ ಜೇಬಿಗೆ ವಾಪಸ್ ಹೋಗಬಾರದು. ಅದು ನೆಲಕ್ಕೆ ಮತ್ತು ಮಾಡಿಗೆ ಹೋಗಬೇಕು. ಅದನ್ನ ಮಾಡದೆ ಇದ್ರೆ ನಿಮಗೆ ಸಿಗೋದು ಕಟ್ಟಿಗೆ ಇಡೋ ಕೊಟ್ಟಿಗೆ ಅಷ್ಟೇ, ಕಾಫಿ ಇಡೋ ಜಾಗ ಅಲ್ಲ.

ಕಾಫಿ ಇಡೋ ಜಾಗ ಯಾಕೆ ಬೇಕು? ನಮ್ಮ ಪೈಕಿ ಎಷ್ಟು ಜನ ಜನವರಿ, ಫೆಬ್ರವರಿಯಲ್ಲೇ ಕಣದಿಂದ ನೇರ ವ್ಯಾಪಾರಿ ಗಾಡಿಗೆ ತುಂಬಿಸ್ತೀವಿ ನೋಡಿ. ಸಾಲ ತೀರಿಸೋಕೆ, ಕೂಲಿ ಬಟವಾಡೆಗೆ ಒಂದಿಷ್ಟು ಮಾರಲೇಬೇಕು, ಅದು ಸರಿ. ಉಳಿದಿದ್ದನ್ನೂ ಮಾರೋದು ಇಡೋಕೆ ಜಾಗ ಇಲ್ಲ ಅಂತ. ಮನೆ ಜಗಲಿಯಲ್ಲಿ ಇಟ್ರೆ ಮಳೆಗಾಲದಲ್ಲಿ ಥಂಡಿ ಹಿಡಿಯುತ್ತೆ, ಅಟ್ಟಕ್ಕೆ ಹಾಕಿದ್ರೆ ಇಲಿ, ಕೊಟ್ಟಿಗೆಯಲ್ಲಿ ಇಟ್ರೆ ವಾಸನೆ. ರೇಟು ಮುಂದೆ ಏರುತ್ತೆ ಅಂತ ನಾನು ಹೇಳ್ತಿಲ್ಲ, ಇಳಿಯಲೂಬಹುದು. ಮಾರೋ ದಿನ ಯಾವುದು ಅಂತ ತೀರ್ಮಾನ ಮಾಡೋನು ನಾನಾಗಿರಬೇಕು, ನನ್ನ ಜಗಲಿ ಆಗಬಾರದು. 60 ಮೂಟೆ ಚೆರ್ರಿ ಇಟ್ಟವನಿಗೆ ಮೂಟೆಗೆ 500 ರೂಪಾಯಿ ವ್ಯತ್ಯಾಸ ಆದ್ರೂ 30,000 ಆಯ್ತು. ಕಾಫಿ ರೇಟಿನಲ್ಲಿ 500 ಏರಿಳಿತ ಅಂದ್ರೆ ಏನೂ ಅಲ್ಲ ಅಂತ ನಿಮಗೂ ಗೊತ್ತು.

ಆದರೆ ಇಟ್ಟ ಕಾಫಿ ಇಟ್ಟ ಹಾಗೇ ಇರಬೇಕು. ಪಾರ್ಚ್‌ಮೆಂಟ್ ಆದ್ರೆ ತೇವಾಂಶ ಶೇಕಡಾ 10ರ ಹತ್ತಿರ, ರೋಬಸ್ಟಾ ಚೆರ್ರಿ ಆದ್ರೆ 11ರ ಹತ್ತಿರ ಒಣಗಿಸಿ ಮೂಟೆ ಕಟ್ತೀವಿ. ಆರಿದ್ರಾ ಮಳೆ ಹಿಡಿದ ಮೇಲೆ ಗಾಳಿಯಲ್ಲೇ ನೀರಿರುತ್ತೆ, ಒಣಗಿದ ಬೀಜ ಅದನ್ನ ಎಳ್ಕೊಳ್ಳುತ್ತೆ. ಮಂಗಳೂರಿನಲ್ಲಿ ಮಾನ್ಸೂನ್ಡ್ ಕಾಫಿ ಅಂತ ಮಾಡ್ತಾರಲ್ಲ, ಬೇಕು ಅಂತಲೇ ಮುಂಗಾರಿನ ತೇವಗಾಳಿಗೆ ಬೀಜ ಒಡ್ಡಿ, ಉಬ್ಬಿಸಿ, ಬಣ್ಣ ತಿರುಗಿಸಿ ಮಾಡೋದು ಅದು. ಅವರು ಲೆಕ್ಕ ಇಟ್ಟು ಮಾಡ್ತಾರೆ. ನಮ್ಮ ಮೂಲೆಯಲ್ಲಿ ಲೆಕ್ಕ ಇಲ್ಲದೆ ಆದ್ರೆ ಅದಕ್ಕೆ ಹೆಸರು ಬೂಸ್ಟು. ವ್ಯಾಪಾರಿ ಮೀಟರ್ ಚುಚ್ಚಿ, ಓಟಿ ನೋಡಿ, ಕಡಿತ ಹೇಳ್ತಾನೆ. ಆರು ತಿಂಗಳು ಕಾದಿದ್ದು ಅಲ್ಲೇ ಹೋಯ್ತು.

ಹಾಗಾಗಿ ಹಳೇ ಶೆಡ್ ತರುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ಜುಲೈ ತಿಂಗಳು ಮೂಟೆ ಒಣಗಿ ಇರುತ್ತಾ?

ಈಗ ಏನು ನೋಡಿ ತರಬೇಕು ಅನ್ನೋದಕ್ಕೆ ಬರ್ತೀನಿ.

ಕಬ್ಬಿಣದ ಫ್ರೇಮು ಆದ್ರೆ ಮೊದಲು ಕಂಬದ ಬುಡ ನೋಡಿ. ಮೇಲೆ ಬಣ್ಣ ಎಷ್ಟು ಚೆನ್ನಾಗಿದ್ರೂ ನೆಲದಿಂದ ಒಂದಡಿ ತನಕ ತುಕ್ಕು ತಿಂದಿರುತ್ತೆ, ಗೊಬ್ಬರ ಇಟ್ಟಿದ್ದ ಶೆಡ್ ಆದ್ರಂತೂ ಖಂಡಿತ. ಸುತ್ತಿಗೆಯಲ್ಲಿ ತಟ್ಟಿ ನೋಡಿ. ಗಟ್ಟಿ ಇದ್ರೆ ಗಂಟೆ ಹೊಡೆದ ಹಾಗೆ ಸದ್ದು ಬರುತ್ತೆ, ತಿಂದಿದ್ರೆ ಡಬ್ಬ ತಟ್ಟಿದ ಹಾಗಿರುತ್ತೆ, ಒಳಗಿಂದ ಪುಡಿ ಉದುರುತ್ತೆ. ಬುಡ ಮಾತ್ರ ಹೋಗಿದ್ರೆ ಹೆದರಬೇಡಿ. ಒಂದಡಿ ಕತ್ತರಿಸಿ ಪ್ಲೇಟ್ ಬೆಸುಗೆ ಹಾಕಿಸಿ, ಕಾಂಕ್ರೀಟ್ ದಿಂಡಿನ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿದ್ರೆ ಆಯ್ತು. ಟ್ರಸ್ಸಿನ ಜಾಯಿಂಟ್ ಹೋಗಿದ್ರೆ ಬಿಟ್ಟು ಬನ್ನಿ. ಜಿಐ ಪೈಪ್ ಬೆಸುಗೆ ಹಾಕೋವಾಗ ಹುಡುಗರಿಗೆ ಹೇಳಿ, ಜಾಯಿಂಟ್ ಹತ್ತಿರ ಮೇಲಿನ ಸತು ಉಜ್ಜಿ ತೆಗೆದು ಆಮೇಲೆ ಬೆಸುಗೆ ಹಾಕಲಿ, ಬಯಲಲ್ಲೇ ಮಾಡಲಿ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತೆ.

ಬಯಲುಸೀಮೆ ಫ್ರೇಮು ತರೋರು ಇಳಿಜಾರು ಅಳೆದು ನೋಡಿ. ನಮ್ಮ ಜಿಲ್ಲೆ ಒಂದೇ ಆದ್ರೂ ಮಳೆ ಒಂದೇ ಅಲ್ಲ. ಕಡೂರಿಗೆ ಇಡೀ ವರ್ಷ ಬೀಳೋ ಮಳೆ ಕಳಸದ ಕಡೆ ಜುಲೈ ಒಂದೇ ತಿಂಗಳಲ್ಲಿ ಬೀಳೋದುಂಟು. ಅಲ್ಲಿಯ ಕೋಳಿ ಶೆಡ್‌ಗೆ ಮಾಡು ಚಪ್ಪಟೆ, ಸೂರು ಗಿಡ್ಡ. ಹಾಗೇ ತಂದು ಇಲ್ಲಿ ನಿಲ್ಲಿಸಿದ್ರೆ ತಗಡಿನ ಜೋಡಣೆಯಲ್ಲಿ ನೀರು ಹಿಂದಕ್ಕೆ ಏರುತ್ತೆ, ಎರಚಲು ಒಳಗೆ ಹೊಡೆಯುತ್ತೆ. ನಡುವಿನ ಕಂಬ ಎತ್ತರಿಸಿ ಹತ್ತಡಿಗೆ ಮೂರೂವರೆ ಅಡಿಯಷ್ಟಾದ್ರೂ ಇಳಿಜಾರು ಕೊಡಿ. ಸೂರು ಎರಡಡಿ ಹೊರಗೆ ಬರಲಿ, ಗಾಳಿ ಬಡಿಯೋ ದಿಕ್ಕಿಗೆ ಮೂರಡಿ. ಕೋಳಿ ಶೆಡ್ ತಗಡನ್ನ ಸೋಪು, ಸುಣ್ಣದ ನೀರು ಹಾಕಿ ತೊಳೆದು ಹದಿನೈದು ದಿನ ಬಿಸಿಲಿಗೆ ಬಿಡಿ. ಕಾಫಿ ಬೀಜ ವಾಸನೆ ಹಿಡ್ಕೊಳ್ಳೋ ಜಾತಿ.

ಹಳೇ ಮನೆ ಮರ ಸಿಕ್ಕಿದ್ರೆ ಪುಣ್ಯ. ಹೆಬ್ಬಲಸು, ಮತ್ತಿ, ಹೊನ್ನೆ ತೊಲೆ ಐವತ್ತು ವರ್ಷ ಹೊಗೆ ಕುಡಿದು ಕಬ್ಬಿಣ ಆಗಿರುತ್ತೆ, ಅಂಥ ಮರ ಇವತ್ತು ಹೊಸದಾಗಿ ಎಲ್ಲಿಂದ ತರ್ತೀರಿ? ಸ್ಕ್ರೂಡ್ರೈವರ್ ತಗೊಂಡು ತುದಿಗಳಲ್ಲಿ, ಗೋಡೆ ಒಳಗೆ ಹೂತಿದ್ದ ಕಡೆ ಚುಚ್ಚಿ ನೋಡಿ. ಗೆದ್ದಲು ಅಲ್ಲೇ ಇರೋದು. ಸಿಲ್ವರ್ ಮರದ ಪಕಾಸಿ, ರೀಪು ಆದ್ರೆ ಹಳೇದು ಬೇಡ. ಒಂದು ಎಚ್ಚರಿಕೆ. ಹಳೇ ಮನೆದೇ ಆದ್ರೂ ಮರ ಸಾಗಿಸೋದು ಮರ ಸಾಗಿಸಿದ್ದೇ. ಅದರಲ್ಲಿ ಬೀಟೆ, ಸಾಗುವಾನಿ ಇದ್ರಂತೂ ಗಾಡಿಗೆ ಹೇರೋ ಮೊದಲು ಫಾರೆಸ್ಟ್ ರೇಂಜ್ ಆಫೀಸಿನಲ್ಲಿ ಕೇಳಿ, ಬೇಕಾದ ಕಾಗದ ಮಾಡಿಸ್ಕೊಳ್ಳಿ. ಗೇಟಿನಲ್ಲಿ ಗಾಡಿ ನಿಂತ ಮೇಲೆ ಇದು ನಮ್ಮಜ್ಜನ ಮನೆ ಮರ ಅಂತ ಹೇಳಿದ್ರೆ ಕೇಳೋರು ಯಾರೂ ಇರಲ್ಲ.

ಇನ್ನು ಮಾಡು. ಇಲ್ಲಿ ಮೂರು ಮಾತು.

ಒಂದು, ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಘಾಟಿ ಹತ್ತಿ ನಮ್ಮ ಮನೆಗಳಿಗೆ ಬಂತು. ಹೆಂಚು ಉಸಿರಾಡುತ್ತೆ, ತಗಡಿನ ಹಾಗೆ ಕೆಳಗೆ ಬೆವರು ಸುರಿಸಲ್ಲ. ಕಾಫಿಗೆ ಅದಕ್ಕಿಂತ ಒಳ್ಳೇ ಮಾಡು ಇಲ್ಲ ಅಂತಲೇ ನನ್ನ ನಂಬಿಕೆ. ಆದರೆ ಒಂದು ಹೆಂಚು ಎರಡರಿಂದ ಎರಡೂವರೆ ಕೆಜಿ ತೂಗುತ್ತೆ, ಒಂದು ಚದರ ಮೀಟರಿಗೆ ಹದಿನಾಲ್ಕು ಹದಿನೈದು ಬೇಕು. ಅಂದ್ರೆ ಮೂವತ್ತು ಕೆಜಿ ಮೇಲಾಯ್ತು. ತಗಡು ಅದೇ ಜಾಗಕ್ಕೆ ನಾಲ್ಕೈದು ಕೆಜಿ. ತಗಡಿಗೆ ಅಂತ ಮಾಡಿದ ಫ್ರೇಮಿನ ಮೇಲೆ ಹೆಂಚು ಹೊದಿಸೋ ಆಸೆ ಬೇಡ. ಮರದ ಪಕಾಸಿ ಗಟ್ಟಿ ಇದ್ದವರು ಹೊದಿಸಿ. ಮಂಗನ ಕಾಟ ಇದ್ದ ಕಡೆ ವರ್ಷಕ್ಕೆ ಐವತ್ತು ಹೆಂಚು ಹೆಚ್ಚಿಗೆ ಇಟ್ಕೊಳ್ಳಿ, ಹಳೇ ಹೆಂಚು ಹೇಗೂ ಅಗ್ಗ.

ಎರಡು, ತಗಡು. ಹಳೇ ತಗಡನ್ನ ಮಾಡಿಗೆ ಹಾಕಬೇಡಿ. ಹಳೇ ತೂತು ಹೊಸ ಪರ್ಲಿನ್‌ಗೆ ಸರಿಯಾಗಿ ಕೂರಲ್ಲ, ಎಷ್ಟು ಡಾಂಬರು ಮೆತ್ತಿದ್ರೂ ಎರಡನೇ ಮಳೆಗೆ ಸೋರುತ್ತೆ. ಅದನ್ನ ಗೋಡೆಗೆ ಹೊಡೀರಿ, ಅಲ್ಲಿ ತೂತಿದ್ರೆ ಗಾಳಿ ಆಡುತ್ತೆ ಅಷ್ಟೇ. ಮಾಡಿಗೆ ಹೊಸ ತಗಡು, ರಬ್ಬರ್ ವಾಷರ್ ಇರೋ ಸ್ಕ್ರೂ, ಅಲೆಯ ಉಬ್ಬಿನ ಮೇಲೆ ಹೊಡೆಯಲಿ. ಅಂಗಡಿಯಲ್ಲಿ 0.50 ಅಂತ ಹೇಳಿದ್ರೆ ಬಣ್ಣ, ಲೇಪ ಸೇರಿಸಿಯಾ ಅಥವಾ ಕಬ್ಬಿಣ ಮಾತ್ರವಾ ಅಂತ ಬಾಯಿಬಿಟ್ಟು ಕೇಳಿ, ಬಿಲ್ಲಲ್ಲಿ ಬರೆಸಿ. ಶೆಡ್ ಪೂರ್ತಿ ಗುತ್ತಿಗೆ ಕೊಟ್ಟವರೊಬ್ಬರಿಗೆ 0.50 ಅಂತ ಹೇಳಿ 0.35 ಹೊದಿಸಿ ಹೋಗಿದ್ದನ್ನ ನಾನೇ ಮೈಕ್ರೋಮೀಟರ್ ಹಿಡಿದು ನೋಡಿದ್ದೀನಿ. ಮಾಡಿನ ನೆತ್ತಿಯಲ್ಲಿ ಮತ್ತು ಸೂರಿನ ಕೆಳಗೆ ಗಾಳಿ ಹೋಗೋಕೆ ಜಾಗ ಬಿಡಿ, ಜಾಲರಿ ಹೊಡೀರಿ. ಪೂರ್ತಿ ಮುಚ್ಚಿದ್ರೆ ಜನವರಿ ರಾತ್ರಿಯ ಚಳಿಗೆ ತಗಡಿನ ಒಳಮೈ ಬೆವತು ಮೂಟೆ ಮೇಲೆ ತೊಟ್ಟಿಕ್ಕುತ್ತೆ.

ಮೂರು, ಸಿಮೆಂಟ್ ಶೀಟ್. ಇದು ನಾನು ಗಟ್ಟಿಯಾಗಿ ಹೇಳಬೇಕಾದ ಮಾತು. ಹಳೇ ಶೆಡ್ ಜೊತೆ ಸಿಮೆಂಟ್ ಶೀಟನ್ನ ಪುಕ್ಕಟೆ ಕೊಡ್ತಾರೆ. ಒಳ್ಳೇದು ಅಂತ ಕೊಡೋದಲ್ಲ, ಎಲ್ಲಿ ಹಾಕೋದು ಅಂತ ಗೊತ್ತಾಗದೆ ಕೊಡೋದು. ಹಳೇ ಶೀಟುಗಳಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್ ಇರುತ್ತೆ. ಎಲ್ಲಾ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಐವತ್ತಕ್ಕೂ ಹೆಚ್ಚು ದೇಶಗಳು ನಿಷೇಧ ಮಾಡಿವೆ. ಮಾಡಿನ ಮೇಲೆ ಸುಮ್ಮನೆ ಕೂತ ಶೀಟು ಅಷ್ಟೊಂದು ತೊಂದರೆ ಕೊಡಲ್ಲ. ಒಡೆದಾಗ, ಕತ್ತರಿಸಿದಾಗ, ತೂತು ಕೊರೆದಾಗ, ಪಾಚಿ ತೆಗೀತೀವಿ ಅಂತ ವೈರ್ ಬ್ರಷ್ ಹಾಕಿ ತಿಕ್ಕಿದಾಗ ಏಳೋ ಧೂಳೇ ವಿಷ. ಆ ಧೂಳು ಇವತ್ತು ಕೆಮ್ಮಿಸಲ್ಲ. ಇಪ್ಪತ್ತು, ಮೂವತ್ತು ವರ್ಷ ಆದ ಮೇಲೆ ಶ್ವಾಸಕೋಶದಲ್ಲಿ ಲೆಕ್ಕ ಕೇಳುತ್ತೆ. ಬಿಚ್ಚೋಕೆ ಹೋಗೋದು ಯಾರು? ನಮ್ಮ ಮಕ್ಕಳು, ಲೈನಿನ ಹುಡುಗರು. ಪುಕ್ಕಟೆ ಅಂದ್ರೂ ತರಬೇಡಿ. ನಿಮ್ಮ ಕೊಟ್ಟಿಗೆ ಮೇಲೆ ಈಗಾಗಲೇ ಇದ್ದು ಚೆನ್ನಾಗಿದ್ರೆ ಮುಟ್ಟದೆ ಬಿಡಿ. ತೆಗೆಯಲೇಬೇಕು ಅಂದ್ರೆ ನೀರು ಹೊಡೆದು ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಿ. ಚೂರು ಮಾಡಿ ರಸ್ತೆ ಗುಂಡಿಗೆ ತುಂಬೋ ಕೆಲಸ ಮಾತ್ರ ಬೇಡ.

ನೆಲದ ವಿಷಯ. ಜನ ಇಲ್ಲೇ ಕೈ ಹಿಡಿಯೋದು. ಮಣ್ಣು ಗುದ್ದಿ, ಸಗಣಿ ಸಾರಿಸಿ, ಮೇಲೆ ಟಾರ್ಪಾಲ್ ಹಾಸಿದ್ರೆ ಸಾಕು ಅಂತಾರೆ. ಬೇಸಿಗೆಗೆ ಸಾಕು. ಪುಷ್ಯ ಮಳೆಗೆ ನೆಲದಿಂದ ತೇವ ಮೇಲೆ ಬಂದೇ ಬರುತ್ತೆ. ತಳಪಾಯ ಹೊರಗಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರ ಇರಲಿ. ತೋಟದ ಕಲ್ಲು ತುಂಬಿ, ಮರಳು ಹಾಕಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಆಮೇಲೆ ನಾಲ್ಕಿಂಚು ಕಾಂಕ್ರೀಟ್. ಆ ಹಾಳೆಗೆ ಆಗೋ ಖರ್ಚು ಬಹಳ ಕಮ್ಮಿ, ಆದರೆ ತೇವ ತಡೆಯೋದು ಅದೇ. ಮೂಟೆ ನೇರ ನೆಲದ ಮೇಲೆ ಇಡಬೇಡಿ. ಹಳೇ ಮನೆಯ ರೀಪು, ಹಲಗೆ ಉಳಿದಿರುತ್ತಲ್ಲ, ಅದರಲ್ಲಿ ಆರಿಂಚು ಎತ್ತರದ ಮಣೆ ಮಾಡ್ಕೊಳ್ಳಿ. ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಿ. ಯೂರಿಯಾ, ಔಷಧಿ, ಡೀಸೆಲ್ ಆ ಶೆಡ್ಡಿಗೆ ಬೇಡವೇ ಬೇಡ, ಅದಕ್ಕೆ ಬೇರೆ ಮೂಲೆ ನೋಡಿ.

ಜಾಗ ಮಾಡೋಕೆ ಜೆಸಿಬಿ ತರಿಸಿ ಧರೆ ಕಡಿಸೋರಿಗೆ ಒಂದು ಮಾತು. 2019ರ ಆಗಸ್ಟ್ ಮಳೆಗೆ ನಮ್ಮ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ ಮನೆ, ತೋಟ ಹೋಗಿದ್ದನ್ನ ಮರೆಯಬೇಡಿ. ನಮ್ಮ ಮಣ್ಣು ನೀರು ಕುಡಿದ್ರೆ ನಿಲ್ಲೋ ಮಣ್ಣಲ್ಲ. ಒಂದು ಶೆಡ್ಡಿಗೋಸ್ಕರ ಹತ್ತಡಿ ನೇರ ಕಡಿದು, ಅದರ ಬುಡಕ್ಕೇ ಶೆಡ್ ಒರಗಿಸಿ ನಿಲ್ಲಿಸೋದು ಎಂಥ ಲೆಕ್ಕ? ಕಣದ ಪಕ್ಕ, ಹಳೇ ಕೊಟ್ಟಿಗೆ ಜಾಗ, ಮನೆ ಹಿತ್ತಲು, ಹೀಗೆ ಆಗಲೇ ಸಮತಟ್ಟು ಇರೋ ಜಾಗ ಹುಡುಕಿ. ಶೆಡ್ ಚಿಕ್ಕದಾದ್ರೂ ಚಿಂತೆ ಇಲ್ಲ. ಮೇಲ್ಭಾಗಕ್ಕೆ ಬಸಿಗಾಲುವೆ ತೆಗೆದು, ಸೂರಿನ ನೀರನ್ನ ದಂಬೆಯಲ್ಲಿ ಹಿಡಿದು ದೂರ ಬಿಡಿ.

ಇನ್ನು ದುಡ್ಡಿನ ಲೆಕ್ಕ. ಹೇಳಿದ್ದನ್ನ ನಂಬೋಕೆ ಲೆಕ್ಕ ಬೇಕಲ್ಲ. ನನ್ನ ಶೆಡ್ 24 ಅಡಿ ಉದ್ದ, 15 ಅಡಿ ಅಗಲ.

ಹಳೇ ಫ್ರೇಮು, ಗೋಡೆಗೆ ಹಳೇ ತಗಡು ಸೇರಿ: 22,000
ಬಿಚ್ಚೋ ಕೂಲಿ: 5,600
ಪಿಕಪ್ ಬಾಡಿಗೆ: 6,000
ಬೆಸುಗೆ, ರೆಡ್ ಆಕ್ಸೈಡ್, ಬಣ್ಣ: 8,500
ಮಾಡಿಗೆ ಹೊಸ ತಗಡು: 30,000
ಸ್ಕ್ರೂ, ದಂಬೆ, ಜಾಲರಿ, ಬೋಲ್ಟ್: 9,000
ತಳಪಾಯ, ಕಾಂಕ್ರೀಟ್ ನೆಲ: 26,000
ಒಟ್ಟು: 1,07,100

ನಮ್ಮ ಮನೆಯವರ ಮೈಕೆಲಸ, ತೋಟದ ಕಲ್ಲು ಇದರಲ್ಲಿ ಸೇರಿಲ್ಲ. ಇದೇ ಅಳತೆಗೆ ಎಲ್ಲಾ ಹೊಸದು ಮಾಡಿಸೋಕೆ ನನಗೆ ಹೇಳಿದ ರೇಟು 1,90,000. ಉಳಿದಿದ್ದು 82,900. ಗಮನಿಸಿ, ಒಟ್ಟು ಖರ್ಚಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡು ಮತ್ತು ನೆಲಕ್ಕೇ ಹೋಗಿದೆ. ಅಲ್ಲೂ ಹಳೇ ತಗಡು, ಮಣ್ಣಿನ ನೆಲ ಅಂತ ಮಾಡಿದ್ರೆ ಐವತ್ತು ಸಾವಿರದೊಳಗೆ ಮುಗೀತಿತ್ತು. ಆಗ ಕಾಫಿ ಫೆಬ್ರವರಿಯಲ್ಲೇ ಮಾರಬೇಕಿತ್ತು. ನಿಮ್ಮ ಕಡೆ ರೇಟು ಹೆಚ್ಚು ಕಮ್ಮಿ ಇರಬಹುದು, ಪ್ರಮಾಣ ಮಾತ್ರ ಹೀಗೇ ಇರಲಿ.

ಕೆಲವರು ಕೇಳ್ತಾರೆ, ಸಾಲ ಸಿಗುತ್ತೆ, ಸಹಾಯಧನ ಸಿಗುತ್ತೆ, ಹೊಸದೇ ಮಾಡಬಾರದಾ ಅಂತ. ಸಿಗೋದಿದ್ರೆ ಖಂಡಿತ ಮಾಡಿ. ಕೆಲಸ ಶುರು ಮಾಡೋ ಮೊದಲೇ ಕಾಫಿ ಬೋರ್ಡ್ ಆಫೀಸಿಗೆ ಹೋಗಿ ಈ ವರ್ಷ ಗೋಡೌನಿಗೆ ಏನಾದ್ರೂ ಇದೆಯಾ ಅಂತ ಕೇಳಿ. ಇಲ್ಲದಿದ್ರೆ ಹೆಂಡತಿ ಸರ ಅಡವಿಟ್ಟು ಹೊಸ ಶೆಡ್ ಕಟ್ಟೋದು ನನಗೆ ಒಪ್ಪಿಗೆ ಇಲ್ಲ. ಆ ಸಾಲದ ಬಡ್ಡಿಯೇ ನಿಮ್ಮನ್ನ ಫೆಬ್ರವರಿಯಲ್ಲಿ ಕಾಫಿ ಮಾರಿಸುತ್ತೆ. ಯಾವ ಕಾರಣಕ್ಕೆ ಶೆಡ್ ಕಟ್ಟಿದಿರೋ ಅದೇ ಹೋಯ್ತಲ್ಲ.

ಇನ್ನೊಂದು ಮಾತು ಮರ್ಯಾದೆಯದ್ದು. ಗುಜರಿ ಸಾಮಾನು ತಂದು ಮನೆ ಮುಂದೆ ನಿಲ್ಲಿಸಿದ ಅಂತ ಆಡಿಕೊಳ್ಳೋರು ಇರ್ತಾರೆ. ನಮ್ಮ ಅಜ್ಜಂದಿರು ಮನೆ ಬಿಚ್ಚಿ ಇನ್ನೊಂದು ಕಡೆ ಕಟ್ಟುವಾಗ ಒಂದು ಕಂಬ, ಒಂದು ಬಾಗಿಲು, ಒಂದು ಹೆಂಚು ಬಿಸಾಕ್ತಿರಲಿಲ್ಲ. ಮರಕ್ಕೆ ನಂಬರ್ ಕೆತ್ತಿ ಇಳಿಸಿ, ಅದೇ ನಂಬರಿಗೆ ಜೋಡಿಸ್ತಿದ್ರು. ನಾವೂ ಅದೇ ಮಾಡಬೇಕು. ಬಿಚ್ಚೋ ಮೊದಲು ಸುಣ್ಣದಲ್ಲೋ ಪೇಂಟಲ್ಲೋ ಪ್ರತಿ ಕಂಬಕ್ಕೆ, ಟ್ರಸ್ಸಿಗೆ ನಂಬರ್ ಬರೆದು, ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಜೋಡಿಸುವಾಗ ಎರಡು ದಿನದ ಬೆಸುಗೆಯವನ ಕೂಲಿ ಉಳಿಯುತ್ತೆ.

ಕೆಲಸದ ಹೊತ್ತು ಮಾರ್ಚ್, ಏಪ್ರಿಲ್. ಬ್ಲಾಸಂ ಮಳೆ ಬಂದ್ರೆ ಎಲ್ಲರೂ ತೋಟಕ್ಕೆ ಓಡ್ತಾರೆ, ಆಳು ಸಿಗಲ್ಲ. ಮಾಡು ಭರಣಿ ಮಳೆ ಒಳಗೆ ಮುಗೀಲಿ, ಆ ಗುಡುಗು ಗಾಳಿಗೆ ಅರ್ಧ ಹೊಡೆದ ತಗಡು ಪಕ್ಕದ ತೋಟ ಸೇರುತ್ತೆ. ಸಾಧ್ಯ ಆದ್ರೆ ಎರಡು ಮೂರು ಮನೆಯವರು ಸೇರಿ ಒಂದೇ ಸಲ ತನ್ನಿ, ಗಾಡಿ ಬಾಡಿಗೆ, ವೆಲ್ಡಿಂಗ್ ಜನರೇಟರ್ ಬಾಡಿಗೆ ಹಂಚಿಹೋಗುತ್ತೆ.

ಕೊನೇದಾಗಿ ಒಂದು ಕೋರಿಕೆ. ನಿಮ್ಮಲ್ಲಿ ಯಾರಾದ್ರೂ ಹಳೇ ಶೆಡ್, ಹಳೇ ಮನೆ ಬಿಚ್ಚೋರಿದ್ರೆ ಗುಜರಿಯವರಿಗೆ ಫೋನ್ ಮಾಡೋ ಮೊದಲು ಊರಲ್ಲಿ ನಾಲ್ಕು ಜನಕ್ಕೆ ಹೇಳಿ. ಗುಜರಿಯವರು ಕೊಡೋದು ಕಬ್ಬಿಣದ ತೂಕದ ರೇಟು. ಪಕ್ಕದ ತೋಟದವರು ಅದಕ್ಕಿಂತ ಐದು ರೂಪಾಯಿ ಹೆಚ್ಚೇ ಕೊಡ್ತಾರೆ, ಮುಂದಿನ ಜುಲೈಗೆ ಅವರ ಕಾಫಿಯೂ ಒಣಗಿ ಇರುತ್ತೆ.